ಬರುವ ಚೆಂಡಿಗೆ ತಕ್ಕ ಸ್ಟಿಕ್

ಹೊಸ ಹಾಕಿ ಸ್ಟಿಕ್ ಕೊಳ್ಳಲು ಹೊರಟವರು ನನ್ನ ಬಳಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಎಷ್ಟು ಪರ್ಸೆಂಟ್ ಕಾರ್ಬನ್ ಇರುವುದನ್ನು ತೆಗೆದುಕೊಳ್ಳಲಿ? ಕೇಳುವವರು ಶಾಲೆಯ ತಂಡಕ್ಕೆ ಈಗಷ್ಟೇ ಆಯ್ಕೆಯಾದ ಹುಡುಗಿಯಾಗಿರಲಿ, ವರ್ಷಗಟ್ಟಲೆ ಆಟ ಬಿಟ್ಟಿದ್ದು ಮತ್ತೆ ಮೈದಾನಕ್ಕೆ ಇಳಿದಿರುವ ಹಿರಿಯರಾಗಿರಲಿ, ಪ್ರಶ್ನೆ ಬದಲಾಗುವುದಿಲ್ಲ. ಸ್ಟಿಕ್‌ನ ಮೈಮೇಲೆ ಎದ್ದು ಕಾಣುವಂತೆ ಅಚ್ಚಾಗಿರುವ 30, 50, 70, 95 ಎಂಬ ಅಂಕಿಗಳು ಅದರ ಯೋಗ್ಯತೆಯನ್ನೇ ಹೇಳುತ್ತವೆ ಎಂದು ಎಲ್ಲರೂ ನಂಬಿದಂತಿದೆ. ಅಂಕಿ ಹೆಚ್ಚಾದಷ್ಟೂ ಸ್ಟಿಕ್ ಗಡಸು, ಗಡಸಾದಷ್ಟೂ ಹೊಡೆತ ಬಿರುಸು, ಹೊಡೆತ ಬಿರುಸಾದಷ್ಟೂ ಆಟ ಮೇಲು ಎಂಬ ಲೆಕ್ಕವೊಂದು ಆಟಗಾರರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಈ ಲೆಕ್ಕದ ಒಂದೊಂದು ಮಾತಿನಲ್ಲೂ ಸ್ವಲ್ಪ ನಿಜವಿದೆ. ಎಲ್ಲವೂ ಒಟ್ಟು ಸೇರಿದಾಗ ಮಾತ್ರ ಅದು ಬಹಳ ಜನರ ಕೈಗೆ ಅವರದಲ್ಲದ ಸ್ಟಿಕ್ ಕೊಟ್ಟುಬಿಡುತ್ತದೆ. ಒಂದು ಪಂದ್ಯದಲ್ಲಿ ತಾನು ಮೈಯೆಲ್ಲ ಬಲ ಹಾಕಿ ಹೊಡೆದದ್ದು ಎಷ್ಟು ಸಲ, ತನ್ನತ್ತ ಬಂದ ಚೆಂಡನ್ನು ಹಿಡಿದು ನಿಲ್ಲಿಸಿದ್ದು ಎಷ್ಟು ಸಲ ಎಂದು ಯಾವ ಆಟಗಾರ ಎಣಿಸಿ ನೋಡಿದರೂ ಎರಡನೆಯದೇ ಬಹಳ ಹೆಚ್ಚು ಎಂಬುದು ಗೊತ್ತಾಗುತ್ತದೆ. ಹಾಗಿದ್ದೂ ಸ್ಟಿಕ್ ಆರಿಸುವಾಗ ನಮ್ಮ ಮನಸ್ಸಿನಲ್ಲಿರುವುದು ಹೊಡೆಯುವ ಚೆಂಡು, ಬರುವ ಚೆಂಡಲ್ಲ. ಇದು ಬಹಳ ಕಾಲದಿಂದ ನನ್ನನ್ನು ಕಾಡುತ್ತಿರುವ ಸಂಗತಿ.

ಒಂದು ಸಂಜೆಯ ಅಭ್ಯಾಸ ಈ ಯೋಚನೆಗೆ ಸ್ಪಷ್ಟ ರೂಪ ಕೊಟ್ಟಿತು. ನಮ್ಮ ತಂಡದ ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದ ಹುಡುಗಿಯೊಬ್ಬಳ ಟ್ರ್ಯಾಪ್ ನೋಡುವುದೇ ಒಂದು ಸಂತೋಷವಾಗಿತ್ತು. ಎಷ್ಟೇ ಜೋರಾಗಿ ಪಾಸ್ ಬಂದರೂ ಚೆಂಡು ಅವಳ ಸ್ಟಿಕ್ ಮುಟ್ಟಿದ ಜಾಗದಲ್ಲೇ ನಿಲ್ಲುತ್ತಿತ್ತು, ಅವಳ ಕಣ್ಣು ಆಗಲೇ ಮುಂದಿನ ಪಾಸ್ ಹುಡುಕುತ್ತಿರುತ್ತಿತ್ತು. ಆ ಸಂಜೆ ಅವಳು ಹೊಸ ಸ್ಟಿಕ್ ತಂದಿದ್ದಳು. ಕಾರ್ಬನ್ ಪ್ರಮಾಣ ಅತಿ ಹೆಚ್ಚಿರುವ, ತಂಡದಲ್ಲಿ ಎಲ್ಲರೂ ಒಮ್ಮೆ ಕೈಗೆತ್ತಿಕೊಂಡು ನೋಡಿದ ಸ್ಟಿಕ್. ನೀರು ಹಾಯಿಸಿದ ಟರ್ಫ್ ಮೇಲೆ ಮೊದಲ ಪಾಸ್ ಬಂತು. ಟಕ್ ಎಂಬ ಚುರುಕಾದ ಸದ್ದು ಕೇಳಿತು, ಚೆಂಡು ಒಂದು ಗೇಣು ಮುಂದಕ್ಕೆ ಚಿಮ್ಮಿತು. ಗೇಣು ಎಂದರೆ ಏನೂ ಅಲ್ಲ ಎಂದು ದೂರದಿಂದ ನೋಡುವವರಿಗೆ ಅನಿಸಬಹುದು, ಆದರೆ ಎದುರಾಳಿ ಸ್ಟಿಕ್ ಚಾಚುವುದಕ್ಕೆ ಅಷ್ಟು ಜಾಗ ಧಾರಾಳ ಸಾಕು. ಎರಡನೆಯ ಪಾಸ್ ಕೂಡ ಹಾಗೆಯೇ ಆಯಿತು. ಅವಳು ಮೊಣಕಾಲು ಇನ್ನಷ್ಟು ಬಗ್ಗಿಸಿದಳು, ಸ್ಟಿಕ್‌ನ ಹಿಡಿಯನ್ನು ಮುಂದಕ್ಕೆ ವಾಲಿಸಿದಳು, ಕೊನೆಗೆ ಬಲಗೈಯನ್ನು ಬಿಗಿ ಮಾಡಿದಳು. ಬಿಗಿ ಮಾಡಿದಷ್ಟೂ ಚೆಂಡು ಹೆಚ್ಚು ದೂರ ಹೋಯಿತು. "ಗಟ್ಟಿಯಾಗಿ ಹಿಡಿದ್ರೆ ಇನ್ನೂ ಆಚೆ ಹೋಗ್ತಿದೆ ಸರ್" ಎಂದು ಅಂಗೈ ನೋಡಿಕೊಂಡಳು. ಅವಳ ಚೀಲದಲ್ಲಿದ್ದ ಹಳೆಯ ಸ್ಟಿಕ್ಕನ್ನು ತೆಗೆದು ಕೊಡಲು ಹೇಳಿದೆ. ಅದರ ಗ್ರಿಪ್ ಸವೆದಿತ್ತು, ತಲೆಯ ತುದಿಯಾದ ಟೋ ಬಳಿ ಬಣ್ಣ ಹೋಗಿತ್ತು. ಮೊದಲಿನಿಂದ ಪಾಸ್ ಕೊಡುತ್ತಿದ್ದವಳೇ ಕಳಿಸಿದ ಅದೇ ಬಿರುಸಿನ ಪಾಸ್ ಬಂದು ಈ ಸಲ ಮಂದ ಸದ್ದಿನೊಂದಿಗೆ ಸ್ಟಿಕ್‌ನ ಬುಡದಲ್ಲೇ ನಿಂತಿತು. ಆಮೇಲೆ ಅವಳು ಹೊಸ ಸ್ಟಿಕ್ ಹಿಡಿದು ಗೋಲಿನ ಹಲಗೆಗೆ ಒಂದು ಹಿಟ್ ಹೊಡೆದಾಗ ಇಡೀ ಮೈದಾನ ತಿರುಗಿ ನೋಡುವಂಥ ಸದ್ದಾಯಿತು. ಚೆಂಡು ನಿಲ್ಲದಂತೆ ಮಾಡಿದ ಗುಣ ಮತ್ತು ಆ ಹಿಟ್‌ಗೆ ಅಷ್ಟು ಬಲ ಕೊಟ್ಟ ಗುಣ ಎರಡೂ ಒಂದೇ ಎಂಬುದನ್ನು ಅಂದು ಅವಳಿಗೆ ವಿವರಿಸಲು ನಾನು ಸಾಕಷ್ಟು ಹೊತ್ತು ತೆಗೆದುಕೊಂಡೆ. ಈ ಬರಹ ಅದೇ ವಿವರಣೆಯ ಮುಂದುವರಿಕೆ.

ಒಂದೇ ಗುಣದ ಎರಡು ಮುಖ

ಹಾಕಿ ಚೆಂಡಿನ ತೂಕ ನಿಯಮದ ಪ್ರಕಾರ 156ರಿಂದ 163 ಗ್ರಾಂ. ಅಷ್ಟು ಗಟ್ಟಿಯಾದ ಚೆಂಡು ಸ್ಟಿಕ್‌ಗೆ ಬಡಿದಾಗ ಅವೆರಡೂ ಒಂದನ್ನೊಂದು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಆಸುಪಾಸು ಮಾತ್ರ. ಈ ಕ್ಷಣದಲ್ಲಿ ಸ್ಟಿಕ್‌ನ ತಲೆಯ ಭಾಗ ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಆ ಬಾಗು ಅಲೆಯಾಗಿ ಹಿಡಿಯ ಕಡೆಗೆ ಸಾಗುತ್ತದೆ. ಅದು ಕೈಯನ್ನು ಮುಟ್ಟಿ ಮರಳಿ ತಲೆಯ ಬಳಿ ಬರುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಹಾಗಾಗಿ ಬಾಗುವುದಕ್ಕೆ ಖರ್ಚಾದ ಶಕ್ತಿ ಚೆಂಡಿಗೆ ತಿರುಗಿ ಸಿಗುವುದಿಲ್ಲ. ಅದು ಸ್ಟಿಕ್‌ನ ಒಳಗೇ ಕಂಪನವಾಗಿ ಉಳಿದು, ಸ್ವಲ್ಪ ಸದ್ದಾಗಿ, ಸ್ವಲ್ಪ ನಮ್ಮ ಅಂಗೈಯ ಜುಮ್ಮಾಗಿ ಕಳೆದುಹೋಗುತ್ತದೆ. ಗಡಸಾದ ಸ್ಟಿಕ್ ಕಡಿಮೆ ಬಾಗುತ್ತದೆ, ಕಡಿಮೆ ಶಕ್ತಿಯನ್ನು ನುಂಗುತ್ತದೆ, ಉಳಿದದ್ದನ್ನೆಲ್ಲ ಚೆಂಡಿಗೆ ಬಿಡುತ್ತದೆ. ಹಿಟ್‌ಗೆ ಬಲ ಬರುವುದು ಹೀಗೆ.

ಈಗ ಇದನ್ನೇ ತಿರುವಿ ನೋಡಿ. ಟ್ರ್ಯಾಪ್ ಮಾಡುವಾಗ ಸ್ಟಿಕ್ ನಿಂತಿರುತ್ತದೆ, ಚೆಂಡು ಬಂದು ಬಡಿಯುತ್ತದೆ. ಭೌತಶಾಸ್ತ್ರದ ಕಣ್ಣಿಗೆ ಇದು ಕೂಡ ಅದೇ ಡಿಕ್ಕಿ. ಸ್ಟಿಕ್ ಎಷ್ಟು ಶಕ್ತಿಯನ್ನು ನುಂಗುತ್ತದೋ ಅಷ್ಟು ಚೆಂಡು ಸತ್ತಂತೆ ನಿಲ್ಲುತ್ತದೆ, ನುಂಗದೆ ಬಿಟ್ಟಷ್ಟು ಅದು ಹಿಂದಕ್ಕೆ ಚಿಮ್ಮುತ್ತದೆ. ಕಲ್ಲುಚಪ್ಪಡಿಯ ಮೇಲೆ ಬಿದ್ದ ಗೋಲಿ ಪುಟಿದೇಳುವಂತೆ ಮೆತ್ತನೆಯ ಹಲಗೆಯ ಮೇಲೆ ಬಿದ್ದದ್ದು ಪುಟಿಯುವುದಿಲ್ಲ. ಹೊಡೆಯುವಾಗ ಯಾವುದನ್ನು ನಾವು ನಷ್ಟ ಎಂದು ಎಣಿಸುತ್ತೇವೋ, ಟ್ರ್ಯಾಪ್ ಮಾಡುವಾಗ ನಮ್ಮ ಕೆಲಸ ಹಗುರ ಮಾಡುವುದು ಅದೇ ನಷ್ಟ. ಎರಡೂ ಬೇಕು ಎನ್ನುವವರಿಗೆ ಸ್ಟಿಕ್ ಸಹಾಯ ಮಾಡಲಾರದು. ಉಳಿದ ಕೆಲಸವನ್ನು ಕೈಯೇ ಮಾಡಬೇಕಾಗುತ್ತದೆ. ಉನ್ನತ ಮಟ್ಟದ ಆಟಗಾರರು ಅತಿ ಗಡಸಾದ ಸ್ಟಿಕ್ ಹಿಡಿದೂ ಚೆಂಡನ್ನು ಹೂವಿನಷ್ಟು ನಯವಾಗಿ ನಿಲ್ಲಿಸುವುದು ಕಾಣುತ್ತದಲ್ಲ, ಅಲ್ಲಿ ಸ್ಟಿಕ್ ನುಂಗದ ಶಕ್ತಿಯನ್ನು ಅವರ ಮಣಿಕಟ್ಟು ಮತ್ತು ಮೊಣಕೈ ನುಂಗುತ್ತಿರುತ್ತವೆ. ಕೆಳಗಿನ ಕೈ ಸಡಿಲವಾಗಿರುತ್ತದೆ, ಚೆಂಡು ಮುಟ್ಟುವ ಕ್ಷಣದಲ್ಲಿ ಸ್ಟಿಕ್ ಒಂದಿಷ್ಟು ಹಿಂದೆ ಸರಿಯುತ್ತದೆ. ಇದು ವರ್ಷಗಟ್ಟಲೆ ದಿನಾ ಚೆಂಡು ಹಿಡಿದು ಬಂದ ಕಲೆ. ವಾರಕ್ಕೊಂದೆರಡು ಸಲ ಆಡುವವರು ಆ ಸ್ಟಿಕ್ಕನ್ನು ಕೊಳ್ಳಬಹುದು, ಆ ಕೈಯನ್ನು ಕೊಳ್ಳಲಾಗುವುದಿಲ್ಲ.

ಕೈಗೆ ತಟ್ಟುವ ಕಂಪನದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚೆಂಡು ತಲೆಯ ಸರಿಯಾದ ಜಾಗಕ್ಕೆ ತಗುಲಿದರೆ ಯಾವ ಸ್ಟಿಕ್ ಆದರೂ ಕೈಗೆ ಹಿತವಾಗಿಯೇ ಇರುತ್ತದೆ. ಟೋ ತುದಿಗೋ, ಕಾವು ತಲೆಗೆ ಸೇರುವ ಹೀಲ್‌ನ ಮೇಲ್ಭಾಗಕ್ಕೋ ತಗುಲಿದಾಗ ಸ್ಟಿಕ್‌ನ ನಿಜವಾದ ಸ್ವಭಾವ ಗೊತ್ತಾಗುತ್ತದೆ. ಕಾರ್ಬನ್ ನಾರು ಕಂಪನವನ್ನು ಬೇಗ ತಣಿಸುವುದಿಲ್ಲ. ಮರವೂ ಅರಾಮಿಡ್ ನಾರೂ ಅದಕ್ಕಿಂತ ಬೇಗ ತಣಿಸುತ್ತವೆ. ಅರಾಮಿಡ್ ಅಂದರೆ ಕೆವ್ಲಾರ್ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತವಾಗಿರುವ ವಸ್ತು. ಚಳಿಯ ಬೆಳಿಗ್ಗೆ ಬೆರಳು ಇನ್ನೂ ಬಿಸಿಯಾಗಿರದ ಹೊತ್ತಿನಲ್ಲಿ ಗಡಸು ಸ್ಟಿಕ್‌ನಿಂದ ಒಂದು ಹಿಟ್ ತಪ್ಪಿ ತಗುಲಿದರೆ ನೋವು ಮೊಣಕೈವರೆಗೂ ಓಡುತ್ತದೆ. ಒಂದೆರಡು ಸಲ ಹಾಗಾದ ಮೇಲೆ ಆಟಗಾರ ತನಗೇ ಗೊತ್ತಿಲ್ಲದೆ ಅರ್ಧ ಮನಸ್ಸಿನಿಂದ ಹೊಡೆಯತೊಡಗುತ್ತಾನೆ, ಹೊಡೆತದ ಬಲಕ್ಕೆಂದು ಕೊಂಡ ಸ್ಟಿಕ್ಕೇ ಹೊಡೆತವನ್ನು ಅಳುಕಿಸುತ್ತದೆ.

ಮಂಜಿನ ಮೇಲಿನ ಸೂತ್ರ

ಸ್ಟಿಕ್‌ನ ಗಡಸುತನವನ್ನು ಮೈತೂಕಕ್ಕೆ ಹೊಂದಿಸಬೇಕು ಎಂಬ ಮಾತನ್ನು ಹಲವರು ಹೇಳುತ್ತಾರೆ. ಅದು ಐಸ್ ಹಾಕಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಗಟ್ಟಿಯಾದ ಕಾರಣವೂ ಇದೆ. ಐಸ್ ಹಾಕಿ ಸ್ಟಿಕ್ ಮೇಲೆ ಫ್ಲೆಕ್ಸ್ ಎಂಬ ಅಂಕಿ ಇರುತ್ತದೆ. ಸ್ಟಿಕ್‌ನ ಕಾವನ್ನು ಒಂದು ಇಂಚು ಬಾಗಿಸಲು ಎಷ್ಟು ಪೌಂಡ್ ಬಲ ಬೇಕು ಎಂಬುದನ್ನು ಅದು ಹೇಳುತ್ತದೆ. ಪೌಂಡ್ ಲೆಕ್ಕದಲ್ಲಿ ಮೈತೂಕದ ಅರ್ಧದಷ್ಟು ಫ್ಲೆಕ್ಸ್ ಇರಲಿ ಎಂಬುದು ಅಲ್ಲಿನ ರೂಢಿಯ ಸೂತ್ರ. ಕಿಲೋಗ್ರಾಂ ತೂಕಕ್ಕೆ ಅದರ ಹತ್ತರಲ್ಲೊಂದು ಭಾಗ ಸೇರಿಸಿದರೆ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತದೆ: 70 ಕಿಲೋ ತೂಕದವರಿಗೆ 77. ಕಾವಿನ ತುದಿಯನ್ನು ಕತ್ತರಿಸಿ ಗಿಡ್ಡ ಮಾಡಿದರೆ ಅದೇ ಸ್ಟಿಕ್ ಇನ್ನಷ್ಟು ಗಡಸಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಅಲ್ಲಿ ಈ ಸೂತ್ರ ಹೊಂದುವುದಕ್ಕೆ ಕಾರಣ, ಆಟಗಾರ ತನ್ನ ಮೈಭಾರವನ್ನು ಸ್ಟಿಕ್ ಮೇಲೆ ಹೇರಿ ಅದನ್ನು ಬೇಕೆಂದೇ ಬಾಗಿಸುವುದು. ಸ್ಲ್ಯಾಪ್ ಶಾಟ್ ಎಂಬ ಬೀಸು ಹೊಡೆತದಲ್ಲಿ ಸ್ಟಿಕ್‌ನ ಅಲಗು, ಅಲ್ಲಿ ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆಯಾದ ಪಕ್‌ಗಿಂತ ಮೊದಲು ಅದರ ಹಿಂದಿನ ಮಂಜಿಗೆ ತಗುಲುತ್ತದೆ, ಕಾವು ಬಿಲ್ಲಿನಂತೆ ಬಾಗುತ್ತದೆ. ಪಕ್ ಅಲಗಿನ ಮೇಲೆ ಸೆಕೆಂಡಿನ ನೂರರಲ್ಲಿ ಮೂರ್ನಾಲ್ಕು ಭಾಗದಷ್ಟು ಹೊತ್ತು ಇರುವುದರಿಂದ ಬಾಗಿದ ಕಾವು ನೆಟ್ಟಗಾಗುತ್ತ ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನು ಅದಕ್ಕೆ ಕೊಡಲು ಸಮಯ ಸಿಗುತ್ತದೆ. ಬಾಗಿಸಲಾಗದಷ್ಟು ಗಡಸು ಸ್ಟಿಕ್ ಹಿಡಿದವನಿಗೆ ಈ ಲಾಭ ಸಿಗುವುದಿಲ್ಲ, ಅತಿಯಾಗಿ ಬಳುಕುವುದನ್ನು ಹಿಡಿದವನಿಗೆ ಗುರಿ ನಿಲ್ಲುವುದಿಲ್ಲ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 2012ರ ಆಲ್‌ಸ್ಟಾರ್ ಕೌಶಲ ಸ್ಪರ್ಧೆಯಲ್ಲಿ ಜ್ಡೆನೊ ಚಾರಾ ಗಂಟೆಗೆ 108.8 ಮೈಲಿ, ಅಂದರೆ ಸುಮಾರು 175 ಕಿಲೋಮೀಟರ್ ವೇಗದಲ್ಲಿ ಪಕ್ ಹೊಡೆದಾಗ ಅವರ ಕೈಯಲ್ಲಿದ್ದುದು ಸಾಮಾನ್ಯ ಆಟಗಾರರು ಬಾಗಿಸಲಾರದಷ್ಟು ಗಡಸಾದ ಸ್ಟಿಕ್. ಸುಮಾರು 206 ಸೆಂಟಿಮೀಟರ್ ಎತ್ತರದ ಆ ಮೈಗೆ ಅದು ಸರಿಯಾಗಿಯೇ ಬಾಗುತ್ತಿತ್ತು.

ಫೀಲ್ಡ್ ಹಾಕಿಯ ಹಿಟ್‌ನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ನೆಲಕ್ಕೆ ಒತ್ತಿ ಬಾಗಿಸುವ ಹಂತವಿಲ್ಲ, ಕೂಡಿಟ್ಟದ್ದನ್ನು ಹಿಂದಿರುಗಿಸಲು ಸಮಯವಿಲ್ಲ. ಆದ್ದರಿಂದ ನಮ್ಮ ಆಟದಲ್ಲಿ ಮೈತೂಕವನ್ನು ಗಡಸುತನಕ್ಕೆ ನೇರವಾಗಿ ಜೋಡಿಸುವುದು ಆಧಾರವಿಲ್ಲದ ಮಾತು. 90 ಕಿಲೋ ತೂಕದ ಫುಲ್ ಬ್ಯಾಕ್‌ಗೆ ಅತಿ ಗಡಸಿನ ಸ್ಟಿಕ್ಕೇ ಬೇಕು, 50 ಕಿಲೋ ತೂಕದ ಫಾರ್ವರ್ಡ್‌ಗೆ ಮೆತ್ತನೆಯದೇ ಬೇಕು ಎಂದು ತೂಕ ನೋಡಿಯೇ ತೀರ್ಮಾನಿಸುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಮೈ ಲೆಕ್ಕಕ್ಕೆ ಬರುವುದಿಲ್ಲ ಎಂದಲ್ಲ. ಬೇರೆ ದಾರಿಯಿಂದ ಬರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಅಂಕಿ ಹೇಳದಿರುವುದು

ಕಾರ್ಬನ್ ಪ್ರಮಾಣದ ಅಂಕಿ ಗಡಸುತನದ ಅಳತೆಯಲ್ಲ. ಸ್ಟಿಕ್‌ನಲ್ಲಿ ಬಳಸಿದ ನಾರಿನಲ್ಲಿ ಕಾರ್ಬನ್ ಎಷ್ಟು ಪಾಲು, ಫೈಬರ್‌ಗ್ಲಾಸ್ ಮತ್ತು ಅರಾಮಿಡ್ ಎಷ್ಟು ಪಾಲು ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಸಾಮಾನ್ಯ ದರ್ಜೆಯ ಕಾರ್ಬನ್ ನಾರು ಗಾಜಿನ ನಾರಿಗಿಂತ ಸುಮಾರು ಮೂರು ಪಟ್ಟು ಗಡಸು ಎಂಬುದು ನಿಜ. ಆದರೆ ಆ ನಾರನ್ನು ಯಾವ ದಿಕ್ಕಿಗೆ ಹಾಸಿದ್ದಾರೆ ಎಂಬುದರ ಮೇಲೆ ಫಲ ನಿಂತಿದೆ. ಸ್ಟಿಕ್‌ನ ಉದ್ದಕ್ಕೆ ಹಾಸಿದರೆ ಅದು ಬಾಗುವುದನ್ನು ತಡೆಯುತ್ತದೆ, ಓರೆಯಾಗಿ ಹಾಸಿದರೆ ತಿರುಚುವುದನ್ನು ತಡೆಯುತ್ತದೆ, ಅಡ್ಡಕ್ಕೆ ಹಾಸಿದರೆ ಕಾವು ಸೀಳದಂತೆ ಕಾಯುತ್ತದೆಯೇ ಹೊರತು ಬಾಗಿನ ವಿಷಯದಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಇದರ ಮೇಲೆ ಕಾವಿನ ದಪ್ಪದ ಮಾತಿದೆ. ಅಡ್ಡಳತೆಯಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚಾದರೂ ಗಡಸುತನ ಬಹಳಷ್ಟು ಏರುತ್ತದೆ, ಏಕೆಂದರೆ ಬಾಗುವಿಕೆಗೆ ಒಡ್ಡುವ ಪ್ರತಿರೋಧ ದಪ್ಪದ ಘನದ ಲೆಕ್ಕದಲ್ಲಿ ಬೆಳೆಯುತ್ತದೆ. ಹಾಗಾಗಿ ಒಂದು ಕಂಪನಿಯ 50 ಪರ್ಸೆಂಟ್ ಸ್ಟಿಕ್ ಇನ್ನೊಂದು ಕಂಪನಿಯ 70 ಪರ್ಸೆಂಟ್ ಸ್ಟಿಕ್‌ಗಿಂತ ಗಡಸಾಗಿರುವುದರಲ್ಲಿ ವಿಚಿತ್ರವೇನಿಲ್ಲ. ಒಂದೇ ಕಂಪನಿಯ ಒಂದೇ ಸಾಲಿನ ಸ್ಟಿಕ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವಾಗ ಮಾತ್ರ ಈ ಅಂಕಿ ಸ್ವಲ್ಪ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸಂಗತಿ ಆಟಗಾರರಲ್ಲಿ ಬಹುಪಾಲು ಜನಕ್ಕೆ ಗೊತ್ತಿಲ್ಲ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮ ಸ್ಟಿಕ್‌ನ ಆಕಾರಕ್ಕೆ ಮಾತ್ರವಲ್ಲ, ಅದು ಕೊಡುವ ಬಲಕ್ಕೂ ಮಿತಿ ಹಾಕಿದೆ. ತೂಕ 737 ಗ್ರಾಂ ಮೀರಬಾರದು, ಉದ್ದ 105 ಸೆಂಟಿಮೀಟರ್ ಮೀರಬಾರದು, ಇಡೀ ಸ್ಟಿಕ್ 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ತೂರಬೇಕು, ಬೋ ಎಂದು ಕರೆಯುವ ಬಾಗು 25 ಮಿಲಿಮೀಟರಿಗಿಂತ ಹೆಚ್ಚಿರಬಾರದು ಎಂಬುದು ಪರಿಚಿತ. ಅದರ ಜೊತೆಗೆ, ಪರೀಕ್ಷೆಯಲ್ಲಿ ಚೆಂಡಿನ ವೇಗ ಸ್ಟಿಕ್‌ನ ತಲೆಯ ವೇಗದ ನೂರಕ್ಕೆ 98 ಭಾಗವನ್ನು ದಾಟಬಾರದು ಎಂಬ ನಿಯಮವೂ ಇದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬೀಸಿದ ಸ್ಟಿಕ್‌ನಿಂದ ಚೆಂಡು ಹೊರಡುವುದು ಹೆಚ್ಚೆಂದರೆ 78.4 ಕಿಲೋಮೀಟರ್ ವೇಗದಲ್ಲಿ. ಇದರ ಅರ್ಥ ಬಹಳ ದೊಡ್ಡದು. ಅತಿ ಗಡಸಾದ ಸ್ಟಿಕ್ ಕೂಡ ಈ ಗೆರೆಯ ಕೆಳಗೇ ಇರಬೇಕು, ಹಾಗಾಗಿ ಒಳ್ಳೆಯ ಮಧ್ಯಮ ಸ್ಟಿಕ್‌ಗಿಂತ ಅದು ಎಷ್ಟು ಮುಂದೆ ಹೋಗಬಹುದು ಎಂಬುದಕ್ಕೆ ಮೊದಲೇ ಬೇಲಿ ಬಿದ್ದಿದೆ. ಬೀಸುವ ವೇಗಕ್ಕೆ ಅಂಥ ಬೇಲಿಯಿಲ್ಲ. ಪಾದ ಇಡುವುದನ್ನು ಸರಿಪಡಿಸಿಕೊಂಡು, ಎರಡೂ ಕೈಗಳನ್ನು ಒಟ್ಟಿಗೆ ತಂದು, ಮಣಿಕಟ್ಟನ್ನು ಸರಿಯಾದ ಹೊತ್ತಿಗೆ ಬಿಚ್ಚಿ ತಲೆಯ ವೇಗವನ್ನು ನೂರಕ್ಕೆ ಹತ್ತು ಹೆಚ್ಚಿಸಿಕೊಂಡವನ ಚೆಂಡು ನೂರಕ್ಕೆ ಹತ್ತು ಹೆಚ್ಚು ವೇಗವಾಗಿ ಹೋಗುತ್ತದೆ. ಹಿಟ್‌ಗೆ ಬಲ ಬೇಕೆಂದು ದುಬಾರಿ ಸ್ಟಿಕ್ ಹುಡುಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಗಡಸು ಸ್ಟಿಕ್‌ಗೆ ಇಷ್ಟು ಬೆಲೆ ಬಂದದ್ದಕ್ಕೆ ಮೈದಾನವೂ ಕಾರಣ. ಹಿಪ್ಪುನೇರಳೆ ಮರದ ತಲೆ ಮತ್ತು ಬೆತ್ತದ ಹಿಡಿ ಇದ್ದ ಸ್ಟಿಕ್‌ಗಳು ಹುಲ್ಲಿನ ಮೇಲೆ ಆಡುವ ಕಾಲಕ್ಕೆ ಹೇಳಿ ಮಾಡಿಸಿದಂತಿದ್ದವು. ಹುಲ್ಲಿನಲ್ಲಿ ಚೆಂಡು ಪುಟಿಯುತ್ತ, ತಡವರಿಸುತ್ತ, ವೇಗ ಕಳೆದುಕೊಳ್ಳುತ್ತ ಬರುತ್ತಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ಆಡಿದ ಮೇಲೆ ಚೆಂಡು ಓಡುವ ರೀತಿಯೇ ಬದಲಾಯಿತು. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ನೇರವಾಗಿ, ವೇಗವಾಗಿ, ದೂರದವರೆಗೆ ಸಾಗುವುದರಿಂದ ಉದ್ದನೆಯ ಬಿರುಸಾದ ಪಾಸ್‌ಗೆ ಅರ್ಥ ಬಂತು. ಹೊಡೆಯುವವರಿಗೆ ಅನುಕೂಲ ಮಾಡಿಕೊಟ್ಟ ಈ ಬದಲಾವಣೆ ಅದೇ ಹೊತ್ತಿಗೆ ಹಿಡಿಯುವವರ ಕಷ್ಟವನ್ನೂ ಹೆಚ್ಚಿಸಿತು ಎಂಬುದನ್ನು ಸ್ಟಿಕ್ ಆರಿಸುವಾಗ ನಾವು ಮರೆಯುತ್ತೇವೆ.

ಮೈ, ಮಣಿಕಟ್ಟು, ಆಡುವ ಜಾಗ

ಎತ್ತರ ಹೇಳುವುದು ಸ್ಟಿಕ್‌ನ ಉದ್ದವನ್ನು. ವಯಸ್ಕರಲ್ಲಿ ಹೆಚ್ಚು ಜನ ಹಿಡಿಯುವುದು 36.5 ಇಂಚಿನದು, ಎತ್ತರದವರು 37.5 ಇಂಚಿನದು. ಗಡಸುತನಕ್ಕೆ ಉತ್ತರ ಕೊಡುವುದು ಮುಂಗೈ, ಮಣಿಕಟ್ಟು ಮತ್ತು ಆಟದ ಅಭ್ಯಾಸ. ಸ್ಟಿಕ್ಕನ್ನು ಎಡಗೈಯೊಂದರಲ್ಲೇ ತುದಿಯಲ್ಲಿ ಹಿಡಿದು, ತೋಳು ಚಾಚಿ, ತಲೆಯನ್ನು ಬಲಕ್ಕೂ ಎಡಕ್ಕೂ ಹೊರಳಿಸಿ ನೋಡಿದರೆ ಒಬ್ಬ ಆಟಗಾರನ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಹೊರಳಿಸುವಾಗ ತಲೆ ನೆಲಕ್ಕೆ ಜೋತು ಬೀಳುವವರು ಚೆಂಡನ್ನು ಸಡಿಲ ಕೈಯಿಂದ ಹಿಡಿಯಲಾರರು, ಏಕೆಂದರೆ ಸ್ಟಿಕ್ಕನ್ನು ನೆಟ್ಟಗೆ ನಿಲ್ಲಿಸುವುದಕ್ಕೇ ಅವರ ಬಿಗಿಯೆಲ್ಲ ಖರ್ಚಾಗುತ್ತಿರುತ್ತದೆ. ಬಿಗಿಯಾದ ಕೈಯಲ್ಲಿ ಗಡಸಾದ ಸ್ಟಿಕ್ ಇದ್ದರೆ ಚೆಂಡು ಚಿಮ್ಮದೆ ಇನ್ನೇನು ಮಾಡೀತು? ಅಂಥವರು ಮೊದಲು ಹಗುರವಾದ ಸ್ಟಿಕ್ ಹಿಡಿಯಬೇಕು, ಗಡಸುತನದ ಮಾತು ಆಮೇಲೆ. ಬೆಳೆಯುತ್ತಿರುವ ಮಕ್ಕಳಿಗೆ ಮರದ್ದೋ ಫೈಬರ್‌ಗ್ಲಾಸ್ ಹೆಚ್ಚಿರುವುದೋ ಸಾಕು ಎಂದು ನಾನು ಒತ್ತಿ ಹೇಳುವುದಕ್ಕೂ ಇದೇ ಕಾರಣ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಕೈ ಕಲಿಯಬೇಕಾದದ್ದು ಚೆಂಡಿನ ಮೇಲಿನ ನಂಬಿಕೆಯನ್ನು. ಪ್ರತಿ ಟ್ರ್ಯಾಪ್ ಚಿಮ್ಮಿಹೋಗುವುದನ್ನು ನೋಡುತ್ತ ಬೆಳೆದ ಮಗು ತಲೆ ಎತ್ತಿ ಆಡುವುದನ್ನು ಕಲಿಯುವುದಿಲ್ಲ.

ಆಡುವ ಜಾಗದ ವಿಷಯಕ್ಕೆ ಬಂದರೆ, ಮಿಡ್‌ಫೀಲ್ಡರ್‌ಗಳಿಗೆ ಮಧ್ಯಮ ಗಡಸಿನದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲ ದಿಕ್ಕಿನಿಂದಲೂ, ಎಲ್ಲ ವೇಗದಲ್ಲೂ ಚೆಂಡು ಬರುವುದು ಅವರಿಗೆ. ಹಿಡಿದ ಮೇಲೆ ತಿರುಗಲು ಅವರಿಗಿರುವ ಜಾಗ ಅತಿ ಕಡಿಮೆ. ಹಿಂದಿನ ಸಾಲಿನಿಂದ ಉದ್ದಕ್ಕೆ ಪಾಸ್ ಹೊಡೆಯುವವರಿಗೆ, ಎದುರು ಬರುವ ಚೆಂಡನ್ನು ನೋಡಿಕೊಳ್ಳಲು ಸಮಯ ಇರುವುದರಿಂದ, ಸ್ವಲ್ಪ ಹೆಚ್ಚು ಗಡಸು ಹೊಂದುತ್ತದೆ. ಫಾರ್ವರ್ಡ್‌ಗಳಲ್ಲಿ ಎರಡು ಬಗೆಯವರಿದ್ದಾರೆ: ಡ್ರಿಬಲ್ ಮಾಡುತ್ತ ಒಳನುಗ್ಗುವವರಿಗೆ ಚೆಂಡು ಸ್ಟಿಕ್‌ಗೆ ತಾಗುವುದು ಬೆರಳಿಗೆ ತಿಳಿಯಬೇಕು, ಅದಕ್ಕೆ ಮಧ್ಯಮದ್ದೇ ಒಳ್ಳೆಯದು, ವೃತ್ತದೊಳಗೆ ನಿಂತು ಬಂದ ಚೆಂಡಿನ ದಿಕ್ಕು ತಿರುಗಿಸಿ ಗೋಲಿಗೆ ಕಳಿಸುವವರಿಗೆ ಚೆಂಡು ಚಿಮ್ಮುವುದೇ ಬೇಕಾದದ್ದು, ಅವರು ಗಡಸಾದದ್ದನ್ನು ಹಿಡಿಯಲಿ. ಗೋಲ್‌ಕೀಪರ್‌ಗೆ ಒಂದೇ ಕೈಯಲ್ಲಿ ಚುರುಕಾಗಿ ಆಡಿಸುವಷ್ಟು ಹಗುರವಾಗಿದ್ದರೆ ಸಾಕು.

ಡ್ರ್ಯಾಗ್ ಫ್ಲಿಕ್ ಮಾಡುವವರ ಮಾತು ಬೇರೆ. ಪೆನಾಲ್ಟಿ ಕಾರ್ನರ್‌ನಲ್ಲಿ ಅವರು ಚೆಂಡನ್ನು ಬಡಿಯುವುದಿಲ್ಲ, ಕಾವಿನ ಬಾಗಿನಲ್ಲಿ ಕೂರಿಸಿಕೊಂಡು ಉದ್ದಕ್ಕೆ ಎಳೆದು, ಕೊನೆಗೆ ಮಣಿಕಟ್ಟಿನಿಂದ ಎಸೆಯುತ್ತಾರೆ. ಚೆಂಡು ಸ್ಟಿಕ್ ಜೊತೆ ಇರುವ ಸಮಯ ಹಿಟ್‌ಗಿಂತ ಎಷ್ಟೋ ಪಟ್ಟು ಹೆಚ್ಚು, ಚೆಂಡಿನ ಭಾರ ಕಾವಿನ ನಡುಗೆರೆಯಿಂದ ಹೊರಗಿರುವುದರಿಂದ ಅದು ಸ್ಟಿಕ್ಕನ್ನು ತಿರುಚಲು ನೋಡುತ್ತದೆ. ಹಾಗಾಗಿ ಅವರಿಗೆ ಬೇಕಾದದ್ದು ಬಾಗದಿರುವುದಕ್ಕಿಂತ ತಿರುಚದಿರುವ ಗುಣ, ಜೊತೆಗೆ ನಿಯಮ ಬಿಟ್ಟುಕೊಡುವಷ್ಟು ಕೆಳಗಿರುವ ಬೋ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 348 ಗೋಲು ಹೊಡೆದ ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಅವರ ಫ್ಲಿಕ್ ನೋಡಿ ಬೆಳೆದ ಹುಡುಗರು ಅಂಥ ಸ್ಟಿಕ್‌ಗಾಗಿ ಆಸೆಪಡುವುದು ನನಗೆ ಅರ್ಥವಾಗುತ್ತದೆ. ಆದರೆ ಒಂದು ತಂಡದಲ್ಲಿ ಡ್ರ್ಯಾಗ್ ಫ್ಲಿಕ್ ಮಾಡುವವರು ಒಬ್ಬರೋ ಇಬ್ಬರೋ ಇರುತ್ತಾರೆ. ಉಳಿದವರು ಅವರ ಸ್ಟಿಕ್ ಹಿಡಿದರೆ ನೆಲಮಟ್ಟದ ಹಿಟ್ ಗಾಳಿಗೆ ಏಳುವುದೇ ಹೆಚ್ಚು.

ಮೊಣಕೈ ನೋವಿನಿಂದ ಬಳಲುತ್ತಿರುವವರಿಗೆ ಒಂದು ಮಾತು. ನನ್ನ ಜೊತೆ ಆಡುವ ಹಿರಿಯರಲ್ಲಿ ಹಲವರು ಗಡಸುತನವನ್ನು ಒಂದು ಮೆಟ್ಟಿಲು ಇಳಿಸಿ, ಅರಾಮಿಡ್ ಪಾಲು ಹೆಚ್ಚಿರುವ ಸ್ಟಿಕ್ ಹಿಡಿದು, ಹಿಡಿಗೆ ದಪ್ಪನೆಯ ಗ್ರಿಪ್ ಸುತ್ತಿಕೊಂಡ ಮೇಲೆ ನಿರಾಳವಾಗಿ ಆಡುತ್ತಿದ್ದಾರೆ. ಅವರ ಹಿಟ್‌ನ ವೇಗ ಕಡಿಮೆಯಾಯಿತು ಎಂದು ನಾವ್ಯಾರೂ ಗಮನಿಸಲಿಲ್ಲ.

ಅಂಕಿ ಮುಚ್ಚಿ ನೋಡಿದಾಗ

ಒಂದು ರಜಾ ದಿನ ತಂಡದ ಎಲ್ಲರ ಸ್ಟಿಕ್‌ಗಳನ್ನು ಗೋಲಿನ ಬಲೆಗೆ ಒರಗಿಸಿ ನಿಲ್ಲಿಸಿ, ಅವುಗಳ ಮೇಲಿನ ಅಂಕಿ ಮತ್ತು ಹೆಸರು ಕಾಣದಂತೆ ಕಪ್ಪು ಟೇಪ್ ಸುತ್ತಿದೆವು. ಒಬ್ಬೊಬ್ಬರೂ ಒಂದೊಂದನ್ನು ತೆಗೆದುಕೊಂಡು ಮೂರು ಕೆಲಸ ಮಾಡಬೇಕಿತ್ತು: ಬಲಗಡೆಯಿಂದ ಬಂದ ಜೋರು ಪಾಸ್ ನಿಲ್ಲಿಸುವುದು, ಎಡಗಡೆಯಿಂದ ಬಂದದ್ದನ್ನು ರಿವರ್ಸ್ ಸ್ಟಿಕ್‌ನಲ್ಲಿ, ಅಂದರೆ ಸ್ಟಿಕ್‌ನ ತಲೆಯನ್ನು ತಿರುವಿ ಹಿಡಿದು ನಿಲ್ಲಿಸುವುದು, ಕೊನೆಗೆ ಓಡುತ್ತ ಒಂದು ಹಿಟ್ ಹೊಡೆಯುವುದು. ಯಾವುದು ಹಿಡಿಸಿತು ಎಂದು ಕೇಳುವ ಬದಲು ಯಾವುದನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ ಎಂದು ನೋಡಿದೆವು. ರಿವರ್ಸ್ ಸ್ಟಿಕ್ ಟ್ರ್ಯಾಪ್ ಬಹಳ ಜನರ ತೀರ್ಮಾನವನ್ನು ಬದಲಿಸಿತು. ಅಲ್ಲಿ ಕೈ ಒಂದೇ ಇರುತ್ತದೆ, ಮಣಿಕಟ್ಟು ತಿರುಗಿರುತ್ತದೆ, ಚೆಂಡಿಗೆ ಒಡ್ಡಲು ತಲೆಯ ಸಣ್ಣ ಭಾಗ ಮಾತ್ರ ಸಿಗುತ್ತದೆ. ಸ್ಟಿಕ್ ಶಕ್ತಿಯನ್ನು ನುಂಗದಿದ್ದರೆ ನುಂಗಲು ಬೇರೆ ಯಾರೂ ಇರುವುದಿಲ್ಲ. ತಂಡದಲ್ಲೇ ಅತಿ ದೊಡ್ಡ ಮೈಕಟ್ಟಿನ ಫುಲ್ ಬ್ಯಾಕ್ ಮೂರು ಸಲ ಒಂದೇ ಸ್ಟಿಕ್‌ಗೆ ಮರಳಿದ. ಟೇಪ್ ಬಿಚ್ಚಿದಾಗ ಅದು ಕಾರ್ಬನ್ ಅತಿ ಕಡಿಮೆ ಇದ್ದದ್ದು, ನಮ್ಮಲ್ಲಿ ಕಿರಿಯಳಾದ ಆಟಗಾರ್ತಿಯದು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಚೆಂಡು ಎಲ್ಲಿದೆ ಅಂತ ಹೇಳುತ್ತೆ" ಎಂದ. ನಾನು ಕೇಳಿದ ಸ್ಟಿಕ್ ವಿಮರ್ಶೆಗಳಲ್ಲೆಲ್ಲ ಅದಕ್ಕಿಂತ ನಿಖರವಾದದ್ದು ಇಲ್ಲ.

ಸ್ಟಿಕ್ ಕೊಳ್ಳುವ ಮುಂಚೆ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು, ಗೆಳೆಯರ ಸ್ಟಿಕ್‌ಗಳೇ ಸಾಕು. ಹಿಡಿಯನ್ನು ಒಂದು ಕೈಯಲ್ಲಿ ಹಿಡಿದು ತಲೆಯನ್ನು ನೆಲಕ್ಕೆ ಒತ್ತಿ ಬಾಗಿಸಿ ನೋಡುವ ಅಭ್ಯಾಸದಿಂದ ಏನೂ ತಿಳಿಯುವುದಿಲ್ಲ. ಕೈಯ ನಿಧಾನದ ಒತ್ತಡಕ್ಕೂ ಚೆಂಡಿನ ಡಿಕ್ಕಿಗೂ ಸ್ಟಿಕ್ ಕೊಡುವ ಉತ್ತರ ಬೇರೆ. ಒದ್ದೆಯಾದ ಟರ್ಫ್ ಮೇಲೆಯೇ ನೋಡಬೇಕು, ಆಟದ ಕೊನೆಯಲ್ಲಿ ತೋಳು ದಣಿದಿರುವಾಗ ನೋಡಿದರೆ ಇನ್ನೂ ಒಳ್ಳೆಯದು. ಬೇಕೆಂದೇ ಟೋ ತುದಿಯಿಂದ ಒಂದೆರಡು ಹಿಟ್ ಹೊಡೆದು ಕೈಗೆ ಏನಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಬೇಕು.

ಸ್ಟಿಕ್‌ಗೂ ವಯಸ್ಸಾಗುತ್ತದೆ

ನಾವು ಆರಿಸಿದ ಗಡಸುತನ ಆರಿಸಿದ ದಿನದಂತೆಯೇ ಉಳಿಯುವುದಿಲ್ಲ. ಪ್ರತಿ ಹಿಟ್‌ಗೂ, ಎದುರಾಳಿಯ ಸ್ಟಿಕ್ ಬಡಿದ ಪ್ರತಿ ಪೆಟ್ಟಿಗೂ ನಾರುಗಳನ್ನು ಹಿಡಿದಿಟ್ಟಿರುವ ರಾಳದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ, ಪದರಗಳು ಅಲ್ಲಲ್ಲಿ ಬಿಡತೊಡಗುತ್ತವೆ, ಸ್ಟಿಕ್ ನಿಧಾನವಾಗಿ ಮೆತ್ತಗಾಗುತ್ತದೆ. ತಲೆಯನ್ನು ಗಟ್ಟಿ ನೆಲಕ್ಕೆ ಮೆಲ್ಲಗೆ ಕುಟ್ಟಿದರೆ ಹೊಸದು ಗಣಗಣ ಎನ್ನುವಲ್ಲಿ ಹಳೆಯದು ಬೊದ್ದಾಗಿ ಸದ್ದು ಮಾಡುತ್ತದೆ. ಟೋ ಬಳಿ ಬೆರಳಿನಿಂದ ಒತ್ತಿದಾಗ ಒಂದಿಷ್ಟು ತಗ್ಗಿದರೆ ಒಳಗಿನ ಪದರ ಬಿಟ್ಟಿದೆ ಎಂದರ್ಥ, ಅದರ ಆಯುಸ್ಸು ಇನ್ನು ಹೆಚ್ಚಿಲ್ಲ.

ಹೊಸ ಸ್ಟಿಕ್ ಕೊಂಡಾಗ ಆಗುವ ಗೊಂದಲಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಬರುತ್ತವೆ. ಎರಡು ಸೀಸನ್ ಆಡಿದ 70 ಪರ್ಸೆಂಟ್ ಸ್ಟಿಕ್ಕನ್ನು ಕೈ ಒಗ್ಗಿಸಿಕೊಂಡಿರುವುದು ಅದರ ಇಂದಿನ ಮೆತ್ತನೆಯ ಸ್ಥಿತಿಗೆ, ಅದು ಹೊಸದಾಗಿದ್ದಾಗಿನ ಗಡಸಿಗಲ್ಲ. ಆದ್ದರಿಂದ ಅದೇ ಹೆಸರಿನ, ಅದೇ ಅಂಕಿಯ ಹೊಸ ಸ್ಟಿಕ್ ತಂದರೂ ಅದು ಪರಕೀಯವಾಗಿ ಕಾಣುತ್ತದೆ. ಹಳೆಯದು ಕೈಗೆ ಚೆನ್ನಾಗಿ ಕೂತಿದ್ದರೆ ಹೊಸದನ್ನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ತೆಗೆದುಕೊಳ್ಳುವುದು, ಇಲ್ಲವೇ ಅದೇ ಅಂಕಿಯದನ್ನು ತಂದು ಹಳೆಯದು ಮುರಿಯುವ ಮೊದಲೇ ವಾರಗಟ್ಟಲೆ ಅಭ್ಯಾಸದಲ್ಲಿ ಮಾತ್ರ ಬಳಸಿ ಪಳಗಿಸುವುದು, ಇವೆರಡರಲ್ಲಿ ಒಂದನ್ನು ಮಾಡಬಹುದು. ನಾನು ಎರಡನೆಯದನ್ನು ಮಾಡುತ್ತೇನೆ: ಹೊಸದನ್ನು ಮೊದಲು ಹಿಟ್ ಅಭ್ಯಾಸಕ್ಕೆ ಕೊಡುತ್ತೇನೆ, ಆಮೇಲೆ ಪಾಸಿಂಗ್‌ಗೆ, ಪಂದ್ಯಕ್ಕೆ ಎಲ್ಲಕ್ಕಿಂತ ಕೊನೆಗೆ. ಜೋರಾಗಿ ಬಂದ ಪಾಸ್ ರಿವರ್ಸ್ ಸ್ಟಿಕ್‌ನಲ್ಲಿ ಎರಡು ವಾರ ಒಂದೇ ಸಮನೆ ನಿಂತ ಮೇಲೆ ಹಳೆಯದನ್ನು ಚೀಲದಿಂದ ತೆಗೆದಿಡುತ್ತೇನೆ.